ಕೆಲಸ ಹೊಸದು, ಊರು ಹೊಸದು. ಮನೆ ಖರೀದಿಗೇಕೆ ಅವಸರ?

ನಮ್ಮವರ ಯಾವುದೇ ಮದುವೆಗೆ, ಯಾವುದೇ ಸಂಘದ ವಾರ್ಷಿಕೋತ್ಸವಕ್ಕೆ ಹೋಗಿ ನೋಡಿ. ಊಟಕ್ಕೆ ಕುಳಿತ ಇಬ್ಬರು ಹಿರಿಯರ ನಡುವೆ ಈ ಮಾತು ಬಂದೇ ಬರುತ್ತದೆ. "ಮಗನಿಗೆ ಎಲ್ಲಿ ಕೆಲಸ?" "ಪುಣೆಯಲ್ಲಿ." "ಒಳ್ಳೆಯದಾಯಿತು. ರೂಮ್ ತೆಗೊಂಡನಾ?" "ಇಲ್ಲ, ಸದ್ಯಕ್ಕೆ ಬಾಡಿಗೆಗೆ ಇದ್ದಾನೆ." ಕೊನೆಯ ಉತ್ತರ ಹೇಳುವಾಗ ತಂದೆಯ ಧ್ವನಿ ಸ್ವಲ್ಪ ತಗ್ಗುತ್ತದೆ. ಮಗ ಏನೋ ತಪ್ಪು ಮಾಡಿದ್ದಾನೆ, ಬೇಗ ತಿದ್ದಿಕೊಳ್ಳುತ್ತಾನೆ ಎಂಬಂತೆ 'ಸದ್ಯಕ್ಕೆ' ಎಂಬ ಶಬ್ದವನ್ನು ಸೇರಿಸುತ್ತಾರೆ. (ಮೂರು ಬೆಡ್‌ರೂಮಿನ ಫ್ಲ್ಯಾಟನ್ನೂ ನಾವು ಮುಂಬಯಿಯವರು 'ರೂಮ್' ಎಂದೇ ಕರೆಯುತ್ತೇವೆ. ಚಾಳಿನಿಂದ ಬಂದ ಅಭ್ಯಾಸ, ಇನ್ನೂ ಹೋಗಿಲ್ಲ.)

ಹುಡುಗಿ ನೋಡುವ ಶಾಸ್ತ್ರದಲ್ಲಂತೂ ಈ ಪ್ರಶ್ನೆ ಜಾತಕಕ್ಕಿಂತ ಮೊದಲು ಬರುತ್ತದೆ. ಹುಡುಗ ಎಷ್ಟು ಓದಿದ್ದಾನೆ, ಎಷ್ಟು ಸಂಬಳ, ಗುಣ ಹೇಗೆ ಎಂಬುದೆಲ್ಲ ಆಮೇಲೆ. ಸ್ವಂತ ರೂಮ್ ಇದೆಯೇ? ಇಲ್ಲವಾದರೆ ಬುಕಿಂಗ್ ಆದರೂ ಆಗಿದೆಯೇ?

ಹೊಸ ಕೆಲಸಕ್ಕಾಗಿ ಹೊಸ ಊರಿಗೆ ಹೋಗುವ ಮಕ್ಕಳ ಮೇಲೆ ಈ ಪ್ರಶ್ನೆಯ ಭಾರ ಹೊರಿಸುವುದನ್ನು ನಾವು ಹಿರಿಯರು ನಿಲ್ಲಿಸಬೇಕು ಎಂಬುದು ನನ್ನ ಅಭಿಪ್ರಾಯ. ಹೋದ ಊರಿನಲ್ಲಿ ಕನಿಷ್ಠ ಎರಡು ವರ್ಷವಾದರೂ ಬಾಡಿಗೆ ಮನೆಯಲ್ಲಿದ್ದು, ಕೆಲಸವೂ ಊರೂ ತಮಗೆ ಒಗ್ಗುತ್ತದೆಯೇ ಎಂದು ನೋಡಿದ ಮೇಲಷ್ಟೇ ಅವರು ಖರೀದಿಯ ಮಾತೆತ್ತಬೇಕು. ಇದನ್ನು ಹೇಳುವ ಯೋಗ್ಯತೆ ನನಗಿದೆಯೇ ಎಂದು ಕೆಲವರು ಕೇಳಬಹುದು. ಯಾಕೆಂದರೆ ಹತ್ತು ವರ್ಷಗಳ ಹಿಂದೆ ಇದಕ್ಕೆ ನೇರ ವಿರುದ್ಧವಾದ ಉಪದೇಶವನ್ನು ಎಲ್ಲರಿಗೂ ಕೊಡುತ್ತಿದ್ದವನು ನಾನೇ.

ನಾನು ಕುಂದಾಪುರ ಕಡೆಯವನು. ಮುಂಬಯಿಗೆ ಬಂದದ್ದು 1976ರಲ್ಲಿ. ಹಗಲು ಕೋಟೆ ಪರಿಸರದ ಒಂದು ಕ್ಯಾಂಟೀನಿನಲ್ಲಿ ಕೆಲಸ, ಸಂಜೆ ರಾತ್ರಿ ಶಾಲೆ. ಮಲಗುವುದು ಕ್ಯಾಂಟೀನಿನ ಮೇಜುಗಳನ್ನು ಒತ್ತರಿಸಿದ ಮೇಲೆ, ಅಲ್ಲೇ ನೆಲದ ಮೇಲೆ. ಮೆಟ್ರಿಕ್ ಮುಗಿಸಿ ಒಂದು ಖಾಸಗಿ ಕಚೇರಿಯಲ್ಲಿ ಗುಮಾಸ್ತನಾದ ಮೇಲೆ ನಾಲ್ಕು ಮಂದಿ ಸೇರಿ ಚೆಂಬೂರಿನಲ್ಲಿ ಒಂದು ಖೋಲಿ ಹಿಡಿದೆವು. ಆರು ವರ್ಷದಲ್ಲಿ ಐದು ಕಡೆ ಬದಲಾಯಿಸಿದ್ದೇನೆ. ಹನ್ನೊಂದು ತಿಂಗಳಾಯಿತೆಂದರೆ ಮಾಲಕ ಬಾಗಿಲಿಗೆ ಬಂದು ನಿಲ್ಲುತ್ತಿದ್ದ. ಒಮ್ಮೆ ಮಳೆಗಾಲದ ಮಧ್ಯೆ, ಹೆಂಡತಿ ಬಸುರಿ ಇರುವಾಗ, ಟ್ರಂಕು-ಹಾಸಿಗೆ ಹೊತ್ತು ಟೆಂಪೋ ಹುಡುಕಿದ ದಿನವನ್ನು ನಾನು ಮರೆತಿಲ್ಲ. 1986ರಲ್ಲಿ ಕಚೇರಿಯ ಕ್ರೆಡಿಟ್ ಸೊಸೈಟಿಯಿಂದ ಸಾಲ ಪಡೆದು, ಹೆಂಡತಿಯ ಬಳೆ ಅಡವಿಟ್ಟು, ಡೊಂಬಿವಲಿಯಲ್ಲಿ ಎಪ್ಪತ್ತು ಸಾವಿರ ರೂಪಾಯಿಗೆ ಒಂದು ಕೋಣೆ, ಒಂದು ಅಡುಗೆಮನೆಯ ಜಾಗ ತೆಗೆದುಕೊಂಡೆ. ಆ ರಾತ್ರಿ ಬಂದಷ್ಟು ಒಳ್ಳೆಯ ನಿದ್ರೆ ಮತ್ತೆಂದೂ ಬಂದಿಲ್ಲ.

ನಮ್ಮ ಪೀಳಿಗೆಯ ಬಹುಪಾಲು ಮಂದಿಯದ್ದು ಇದೇ ಕತೆ. ಡೊಂಬಿವಲಿ, ಮೀರಾರೋಡ್, ಭಾಯಂದರ್, ನಾಲಾಸೋಪಾರ, ಹೆಸರು ಮಾತ್ರ ಬೇರೆ. ಸಾಲ ಮಾಡಿ ಕೊಂಡವ ಗೆದ್ದ, ಬಾಡಿಗೆಯಲ್ಲಿ ಉಳಿದವ ಹಿಂದೆ ಬಿದ್ದ ಎಂಬ ಪಾಠವನ್ನು ನಾವು ಕಣ್ಣಾರೆ ಕಂಡು ಕಲಿತೆವು. ಪಾಠ ಸುಳ್ಳಲ್ಲ. ಆದರೆ ಅದರ ಹಿಂದೆ ಇದ್ದ ಎರಡು ಸಂಗತಿಗಳನ್ನು ಮಕ್ಕಳಿಗೆ ಹೇಳುವಾಗ ನಾವು ಬಿಟ್ಟುಬಿಡುತ್ತೇವೆ.

ಮೊದಲನೆಯದು, ನಮ್ಮ ನೌಕರಿ ಅಲುಗಾಡುತ್ತಿರಲಿಲ್ಲ. ನಾನು ಸೇರಿದ ಕಚೇರಿಯಿಂದಲೇ ನಿವೃತ್ತನಾದೆ. ಮೂವತ್ತಮೂರು ವರ್ಷ ಅದೇ ಕುರ್ಚಿ, ಅದೇ ಡೊಂಬಿವಲಿ-ಸಿಎಸ್‌ಟಿ ಲೋಕಲ್. ಹೋಟೆಲ್ ನಡೆಸಿದವರೂ ಅಷ್ಟೇ, ಹೋಟೆಲ್ ಎಲ್ಲಿತ್ತೋ ಬದುಕೂ ಅಲ್ಲೇ. ಮನೆ ಕೊಳ್ಳುವಾಗ 'ಮುಂದಿನ ವರ್ಷ ನಾನು ಈ ಊರಲ್ಲಿ ಇರುತ್ತೇನೆಯೇ' ಎಂಬ ಪ್ರಶ್ನೆ ನಮಗೆ ಕನಸಿನಲ್ಲೂ ಬರಲಿಲ್ಲ.

ಎರಡನೆಯದು, 'ಬಾಡಿಗೆ' ಎಂಬ ಶಬ್ದದ ಅರ್ಥವೇ ಆಗ ಬೇರೆಯಾಗಿತ್ತು. ಮುಂಬಯಿಯಲ್ಲಿ 1947ರ ಬಾಡಿಗೆ ಕಾಯ್ದೆಯ ಆಸರೆಯಲ್ಲಿ ಕುಳಿತ ಹಳೆಯ ಬಾಡಿಗೆದಾರನನ್ನು ಎಬ್ಬಿಸುವುದು ಮಾಲಕನಿಗೆ ಸಾಧ್ಯವೇ ಇರಲಿಲ್ಲ. ಅಂಥ ಜಾಗಕ್ಕೆ ಪಗಡಿ ಕೊಟ್ಟು ಹೊಕ್ಕವನು ತಿಂಗಳಿಗೆ ಇಪ್ಪತ್ತು ಮೂವತ್ತು ರೂಪಾಯಿ ಕಟ್ಟಿಕೊಂಡು ಅರ್ಧ ಮಾಲಕನಂತೆಯೇ ಇದ್ದ. ಪಗಡಿ ಕೊಡಲು ಹಣವಿಲ್ಲದ ನಮ್ಮಂಥವರಿಗೆ, ಎಲ್ಲಿ ಬಾಡಿಗೆದಾರ ಕೂತುಬಿಡುತ್ತಾನೋ ಎಂಬ ಮಾಲಕನ ಹೆದರಿಕೆಯಿಂದಾಗಿ, ಹನ್ನೊಂದು ತಿಂಗಳ ಅಲೆದಾಟ. ಅಂದರೆ ಬಾಡಿಗೆ ಎಂದರೆ ಒಂದೋ ಸ್ವರ್ಗ, ಇಲ್ಲವೇ ನರಕ, ನಡುವೆ ಏನೂ ಇರಲಿಲ್ಲ. ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆ 1999, ಅದು ಜಾರಿಗೆ ಬಂದದ್ದು 2000ದ ಮಾರ್ಚ್ 31ರಿಂದ. ಇಂದು ಫ್ಲ್ಯಾಟುಗಳನ್ನು ಕೊಡುವುದು ಬಹುತೇಕ ಲೀವ್ ಆ್ಯಂಡ್ ಲೈಸೆನ್ಸ್ ಕರಾರಿನ ಮೇಲೆ. ಅವಧಿ ಮುಗಿದರೆ ಜಾಗ ಬಿಡಲೇಬೇಕು, ಬಿಡದಿದ್ದರೆ ಎರಡು ಪಟ್ಟು ಶುಲ್ಕ ತೆರಬೇಕಾಗುತ್ತದೆ ಎಂದು ಕಾನೂನೇ ಹೇಳುತ್ತದೆ. ಮಾಲಕನ ಹೆದರಿಕೆ ಹೋದದ್ದರಿಂದಲೇ ಮನೆಗಳು ಸಿಗುತ್ತಿವೆ, ಕರಾರು ನವೀಕರಣವಾಗುತ್ತಿದೆ. ಒಂದೇ ಮನೆಯಲ್ಲಿ ಐದಾರು ವರ್ಷ ಬಾಡಿಗೆಗಿರುವವರನ್ನು ನಮ್ಮ ಕಟ್ಟಡದಲ್ಲೇ ನೋಡುತ್ತಿದ್ದೇನೆ.

ಇದು ಯಾವುದನ್ನೂ ಯೋಚಿಸದೆ ನಾನು ಒಬ್ಬನಿಗೆ ಉಪದೇಶ ಮಾಡಿದೆ. ಅವನು ನನ್ನ ಅಕ್ಕನ ಮಗ, ಅಳಿಯ. ತಂದೆ ಬೇಗ ತೀರಿಕೊಂಡದ್ದರಿಂದ ಓದುವಾಗಿನಿಂದ ನನ್ನ ಮಾತು ಮೀರಿದವನಲ್ಲ. 2018ರ ಬೇಸಿಗೆಯಲ್ಲಿ ಪುಣೆಯ ಹಿಂಜವಾಡಿಯಲ್ಲಿ ಒಂದು ಸಾಫ್ಟ್‌ವೇರ್ ಕಂಪೆನಿಯಲ್ಲಿ ಕೆಲಸ ಸಿಕ್ಕಿತು. ಇಬ್ಬರು ಗೆಳೆಯರೊಂದಿಗೆ ಬಾಡಿಗೆಗೆ ಇದ್ದ, ಸುಖವಾಗಿಯೇ ಇದ್ದ. ಆರು ತಿಂಗಳಾಗುವ ಮೊದಲೇ ನನ್ನ ಪ್ರವಚನ ಶುರುವಾಯಿತು. "ಬಾಡಿಗೆ ಕೊಡುವುದೆಂದರೆ ಹೊಳೆಗೆ ಹುಣಸೆಹಣ್ಣು ಕಿವುಚಿದ ಹಾಗೆ. ಅದೇ ಹಣ ಕಂತಿಗೆ ಹೋದರೆ ಮನೆ ನಿನ್ನದಾಗುತ್ತದೆ. ನನ್ನನ್ನು ನೋಡು." ಅಕ್ಕನೂ ಊರಿನಿಂದ ಫೋನ್ ಮಾಡಿ, "ಮಾವ ಹೇಳಿದ ಹಾಗೆ ಕೇಳು ಮಗಾ, ಹೆಣ್ಣು ಕೇಳಲಿಕ್ಕೂ ಒಂದು ಮುಖ ಬೇಕಲ್ಲ" ಎಂದಳು. ಆ ವರ್ಷದ ಡಿಸೆಂಬರಿನಲ್ಲಿ, ಇನ್ನೂ ನಾಲ್ಕನೇ ಮಹಡಿಯಷ್ಟೇ ಎದ್ದಿದ್ದ ಕಟ್ಟಡದಲ್ಲಿ ಹನ್ನೊಂದನೇ ಮಹಡಿಯ ಫ್ಲ್ಯಾಟಿಗೆ ಅವನು ಸಹಿ ಹಾಕಿದ. ಬೆಲೆ 58 ಲಕ್ಷ, ಸಾಲ 46 ಲಕ್ಷ. ಕಟ್ಟಡ ಮುಗಿಯದ ಮನೆಗೆ ಆಗ ಜಿಎಸ್‌ಟಿ 12%. (2019ರ ಏಪ್ರಿಲಿನಿಂದ ಅದು 5%ಕ್ಕೆ ಇಳಿಯಿತು. ನಾಲ್ಕು ತಿಂಗಳು ಕಾದಿದ್ದರೆ ಅದೊಂದನ್ನಾದರೂ ಕೇಳಿನೋಡಬಹುದಿತ್ತು.)

2020ರ ಡಿಸೆಂಬರಿಗೆ ಕೀಲಿಕೈ ಎಂದು ಕರಾರಿನಲ್ಲಿತ್ತು. ಕೊರೋನ ಬಂತು, ರೇರಾ ಪ್ರಾಧಿಕಾರ ಎಲ್ಲ ಯೋಜನೆಗಳಿಗೂ ಆರು ತಿಂಗಳ ವಿನಾಯಿತಿ ಕೊಟ್ಟಿತು, ಬಿಲ್ಡರ್ ಅದಕ್ಕೆ ಇನ್ನಷ್ಟು ತಿಂಗಳನ್ನು ತಾನೇ ಸೇರಿಸಿಕೊಂಡ. ಅಷ್ಟರಲ್ಲಿ ಅಳಿಯನ ಮದುವೆಯಾಗಿತ್ತು. ಒಂದು ಕೈಯಲ್ಲಿ ಬಿಡುಗಡೆಯಾದ ಸಾಲಕ್ಕೆ ಬಡ್ಡಿ, ಇನ್ನೊಂದು ಕೈಯಲ್ಲಿ ಮನೆಬಾಡಿಗೆ. 2021ರ ಮಧ್ಯಭಾಗದಲ್ಲಿ ಅವನಿದ್ದ ವಿಭಾಗವನ್ನೇ ಕಂಪೆನಿ ಹೈದರಾಬಾದಿಗೆ ವರ್ಗಾಯಿಸಿತು. ಹೋಗು, ಇಲ್ಲವೇ ಬಿಡು. ಅವನು ಹೋದ. ಫ್ಲ್ಯಾಟಿನ ಕೀಲಿಕೈ ಸಿಕ್ಕಿದ್ದು 2022ರ ಮಾರ್ಚಿನಲ್ಲಿ. ರಜೆ ಹಾಕಿ ಬಂದು, ಹಾಲುಕ್ಕಿಸಿ, ಗಣಹೋಮ ಮಾಡಿಸಿ, ಅಂದು ರಾತ್ರಿಯ ಬಸ್ಸಿಗೇ ಹೈದರಾಬಾದಿಗೆ ಮರಳಿದ. ಆ ಮನೆಯಲ್ಲಿ ಇಂದಿನವರೆಗೂ ಅವನು ಒಂದು ರಾತ್ರಿ ಮಲಗಿಲ್ಲ.

ಈಗ ಅಲ್ಲಿ ಬೇರೆಯವರು ಇದ್ದಾರೆ. ಅವರಿಂದ ಬರುವ ಬಾಡಿಗೆ 21 ಸಾವಿರ, ಬ್ಯಾಂಕಿಗೆ ಹೋಗುವ ಕಂತು 40 ಸಾವಿರ, ಸೊಸೈಟಿಯ ಮೇಂಟೆನೆನ್ಸ್ ಮೂರೂವರೆ ಸಾವಿರ, ಗಚ್ಚಿಬೌಲಿ ಪಕ್ಕದಲ್ಲಿ ತಾನಿರುವ ಮನೆಗೆ 26 ಸಾವಿರ. ಸಾಲ ತೇಲುವ ಬಡ್ಡಿಯದ್ದು. ರಿಸರ್ವ್ ಬ್ಯಾಂಕಿನ ರೆಪೋ ದರ 2022ರ ಮೇ ತಿಂಗಳಲ್ಲಿ ಏರತೊಡಗಿ ಒಂದು ವರ್ಷದೊಳಗೆ 4%ರಿಂದ 6.5% ತಲುಪಿತಲ್ಲ, ಆಗ ಬ್ಯಾಂಕಿನವರು ಕಂತು ಹೆಚ್ಚಿಸುವ ಬದಲು ಸಾಲದ ಅವಧಿಯನ್ನೇ ಎಳೆದರು.

'ಫ್ಲ್ಯಾಟಿನ ಬೆಲೆ ಏರಿದೆಯಲ್ಲ, ನಷ್ಟವೇನು ಬಂತು' ಎಂದು ನಮ್ಮ ಬಂಧುಗಳು ಕೇಳುತ್ತಾರೆ. ಏರಿದೆ, ನಿಜ. ಕಾಗದದ ಮೇಲೆ ಅವನು ಸೋತಿಲ್ಲ. ಆದರೆ 2023ರಲ್ಲಿ ಬೆಂಗಳೂರಿನ ಒಂದು ಚಿಕ್ಕ ಕಂಪೆನಿ ಅವನನ್ನು ಕರೆಯಿತು. ಅವನಿಗೆ ಬಹಳ ಇಷ್ಟವಾದ ಕೆಲಸ, ಊರಿಗೂ ಹತ್ತಿರ, ಅಮ್ಮನನ್ನು ಕರೆತಂದು ಇಟ್ಟುಕೊಳ್ಳಬಹುದಿತ್ತು. ಹೊಸ ಕಂಪೆನಿ, ನಿಂತೀತೋ ಮುಳುಗೀತೋ ಗೊತ್ತಿಲ್ಲ. ನಾಲ್ಕು ತಿಂಗಳು ಸಂಬಳವಿಲ್ಲದೆ ಇರಬೇಕಾಗಿ ಬಂದರೆ ಏನು ಗತಿ ಎಂದು ಲೆಕ್ಕ ಹಾಕಿದ. ಆಮೇಲೆ ನನಗೆ ಫೋನ್ ಮಾಡಿ, "ಬೇಡ ಅಂತ ಹೇಳಿದೆ ಮಾವ. ಕಂತು ಉಂಟಲ್ಲ" ಎಂದ. ಅಷ್ಟೇ. ನನ್ನ ಮೇಲೆ ಒಂದು ಮಾತಿನ ಆರೋಪವಿಲ್ಲ. ಬೈದಿದ್ದರೆ ಒಳ್ಳೆಯದಿತ್ತು ಎಂದು ನನಗೆ ಆಗ ಅನಿಸಿತು.

ಬಾಡಿಗೆ ಎಂದರೆ ಹೊಳೆಯಲ್ಲಿ ಹೋದ ಹಣ, ಕಂತು ಎಂದರೆ ಉಳಿದ ಹಣ ಎಂಬ ನಮ್ಮ ನಂಬಿಕೆಯನ್ನೂ ಒಮ್ಮೆ ಕಾಗದದ ಮೇಲೆ ಹಾಕಿ ನೋಡಬೇಕು. ನಾನು ಗುಮಾಸ್ತನಾಗಿದ್ದವನು, ಲೆಕ್ಕ ಬರೆಯುವುದು ಗೊತ್ತು. ಆದರೆ ಉಪದೇಶ ಮಾಡುವಾಗ ಬರೆದಿರಲಿಲ್ಲ. ಕಲ್ಯಾಣ್-ಡೊಂಬಿವಲಿ ಕಡೆ 65 ಲಕ್ಷದ ಒಂದು ಫ್ಲ್ಯಾಟ್ ಎಂದಿಟ್ಟುಕೊಳ್ಳೋಣ. 30 ಲಕ್ಷದಿಂದ 75 ಲಕ್ಷದವರೆಗಿನ ಸಾಲಕ್ಕೆ ಬ್ಯಾಂಕು ಬೆಲೆಯ 80%ಕ್ಕಿಂತ ಹೆಚ್ಚು ಕೊಡುವಂತಿಲ್ಲ. 50 ಲಕ್ಷ ಸಾಲ, 15 ಲಕ್ಷ ಕೈಯಿಂದ. ಮುದ್ರಾಂಕ ಶುಲ್ಕ ಆ ಕಡೆ 7% (ಮುಂಬಯಿಯೊಳಗೆ 6%, ಹೆಂಗಸರ ಹೆಸರಿನಲ್ಲಾದರೆ 1% ಕಡಿಮೆ), ಅಂದರೆ ನಾಲ್ಕೂವರೆ ಲಕ್ಷ. ನೋಂದಣಿ 30 ಸಾವಿರ. ದಲಾಲಿ, ಪಂಖ, ಕಪಾಟು ಬಿಟ್ಟು ಕೈಯಿಂದ ಹೋದದ್ದೇ 20 ಲಕ್ಷದ ಹತ್ತಿರ. ಇನ್ನು ಸಾಲಕ್ಕೆ 8% ಬಡ್ಡಿ, ಇಪ್ಪತ್ತು ವರ್ಷದ ಅವಧಿ ಹಿಡಿದರೆ ತಿಂಗಳ ಕಂತು 41,800 ರೂಪಾಯಿ.

ಮೂರು ವರ್ಷ ಕಂತು ಕಟ್ಟಿದಿರಿ. ಒಟ್ಟು ಕಟ್ಟಿದ್ದು 15 ಲಕ್ಷ. ಅದರಲ್ಲಿ ಅಸಲಿಗೆ ಹೋದದ್ದು ಎಷ್ಟು? ಮೂರೂವರೆ ಲಕ್ಷಕ್ಕೂ ಸ್ವಲ್ಪ ಕಡಿಮೆ. ಉಳಿದ ಹನ್ನೊಂದೂವರೆ ಲಕ್ಷ ಬಡ್ಡಿ. ಐದು ವರ್ಷಕ್ಕೆ 25 ಲಕ್ಷ ಕಟ್ಟಿದರೆ ಅಸಲು ಕರಗುವುದು ಸವಾ ಆರು ಲಕ್ಷದಷ್ಟು. ಸಾಲದ ಮೊದಲ ವರ್ಷಗಳ ಸ್ವಭಾವವೇ ಹಾಗೆ, ಬ್ಯಾಂಕು ಮೋಸ ಮಾಡುವುದಲ್ಲ. ಬಾಡಿಗೆ ಮಾಲಕನಿಗೆ ಹೋಗುತ್ತದೆ, ಬಡ್ಡಿ ಬ್ಯಾಂಕಿಗೆ ಹೋಗುತ್ತದೆ. ಎರಡೂ ನಮ್ಮ ಕಿಸೆಗೆ ಬರುವುದಿಲ್ಲ. ಅದೇ ಫ್ಲ್ಯಾಟು ಬಾಡಿಗೆಗೆ ಸಿಗುವುದಾದರೆ ಹದಿನಾರು ಹದಿನೇಳು ಸಾವಿರ, ಮೇಂಟೆನೆನ್ಸ್ ಹೆಚ್ಚಾಗಿ ಮಾಲಕನ ತಲೆಗೆ.

ಹದಿನೈದು ಇಪ್ಪತ್ತು ವರ್ಷ ಅಲ್ಲೇ ಇರುವವನಿಗೆ ಈ ಲೆಕ್ಕ ನಿಧಾನವಾಗಿ ತಿರುಗುತ್ತದೆ. ಕಂತು ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ, ಬಾಡಿಗೆ ಏರುತ್ತಾ ಹೋಗುತ್ತದೆ, ಅಸಲು ಬೇಗ ಬೇಗ ಕರಗತೊಡಗುತ್ತದೆ. ನಾನು ಗೆದ್ದದ್ದು ಹಾಗೆ. ಆದರೆ ಮೂರನೇ ವರ್ಷಕ್ಕೆ ಊರು ಬಿಡಬೇಕಾದವನಿಗೆ ಮುದ್ರಾಂಕ ಶುಲ್ಕವೂ ದಲಾಲಿಯೂ ಬಡ್ಡಿಯೂ ಹಿಂದಿರುಗುವಷ್ಟು ಬೆಲೆ ಏರಿರಬೇಕು, ಕೇಳಿದಾಗ ಗಿರಾಕಿಯೂ ಸಿಗಬೇಕು. ತೆರಿಗೆ ಉಳಿಯುತ್ತದೆ ಎಂಬ ಹಳೆಯ ಆಸೆಯೂ ಈಗ ಸಣಕಲಾಗಿದೆ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ತಾವಿರುವ ಮನೆಯ ಸಾಲದ ಬಡ್ಡಿಗೆ ವಿನಾಯಿತಿ ಇಲ್ಲ, ಬಾಡಿಗೆ ಭತ್ತೆಗೂ ಇಲ್ಲ.

ಬಾಡಿಗೆ ಮನೆ ಸುಖದ ಸುಪ್ಪತ್ತಿಗೆ ಎಂದು ನಾನು ಹೇಳುತ್ತಿಲ್ಲ. ಅದರ ಅವಮಾನಗಳನ್ನು ಬಲ್ಲೆ. ನಮ್ಮ ಕರಾವಳಿಯ ಹುಡುಗರು ಮುಂಬಯಿಯಲ್ಲಿ ಮನೆ ನೋಡಲು ಹೋದರೆ ಹೆಸರು ಕೇಳುವ ಮೊದಲು ಮೀನು ತಿನ್ನುತ್ತೀರಾ ಎಂದು ಕೇಳುವ ಸೊಸೈಟಿಗಳಿವೆ. ಒಂಟಿ ಹುಡುಗರಿಗೆ ಕೊಡುವುದಿಲ್ಲ, ಒಂಟಿ ಹುಡುಗಿಯರಿಗೂ ಕೊಡುವುದಿಲ್ಲ, ಗಂಡ ಹೆಂಡತಿಗೆ ಕೊಟ್ಟರೂ ಊರಿನಿಂದ ಅತ್ತೆ ಮಾವ ಬಂದು ತಿಂಗಳು ನಿಂತರೆ ಸೆಕ್ರೆಟರಿಯ ಹುಬ್ಬು ಮೇಲೇರುತ್ತದೆ. ಬೆಂಗಳೂರಿಗೆ ಹೋದವರು ಹತ್ತು ತಿಂಗಳ ಬಾಡಿಗೆಯನ್ನು ಮುಂಗಡ ಇಡಬೇಕಾಗಿ ಬಂದ ಕತೆ ಹೇಳುತ್ತಿದ್ದರು. ಶಾಲೆಗೆ ಹೋಗುವ ಮಕ್ಕಳಿದ್ದರಂತೂ ಮನೆ ಬದಲಾವಣೆ ದೊಡ್ಡ ಕಷ್ಟ. ಗೋಡೆಗೆ ಒಂದು ಮೊಳೆ ಹೊಡೆಯಲು ಅನುಮತಿ ಕೇಳಬೇಕಾದ ಮನೆಯಲ್ಲಿ ದೇವರ ಫೋಟೋ ಎಲ್ಲಿ ತೂಗುಹಾಕುವುದು ಎಂದು ನನ್ನ ಹೆಂಡತಿ ಕೇಳುತ್ತಿದ್ದಳು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಆದರೆ ಈ ಕಷ್ಟಗಳಲ್ಲಿ ಅರ್ಧ, ಕರಾರನ್ನು ಸರಿಯಾಗಿ ಮಾಡಿಕೊಳ್ಳದೆ ತಂದುಕೊಂಡವು. ಮಹಾರಾಷ್ಟ್ರದಲ್ಲಿ ಲೀವ್ ಆ್ಯಂಡ್ ಲೈಸೆನ್ಸ್ ಕರಾರು ಹನ್ನೊಂದು ತಿಂಗಳದ್ದಾದರೂ ಬರಹದಲ್ಲಿ ಇರಬೇಕು, ನೋಂದಣಿ ಆಗಲೇಬೇಕು. ನೋಂದಾಯಿಸುವ ಹೊಣೆ ಮಾಲಕನದ್ದು ಎಂದು 1999ರ ಕಾಯ್ದೆಯ 55ನೇ ಕಲಮು ಹೇಳುತ್ತದೆ. ಮಾಡಿಸದಿದ್ದರೆ ಕರಾರಿನ ಷರತ್ತುಗಳ ಬಗ್ಗೆ ಬಾಡಿಗೆದಾರ ಹೇಳಿದ್ದೇ ಮಾತು, ಸುಳ್ಳೆಂದು ಸಾಬೀತು ಮಾಡುವ ಕೆಲಸ ಮಾಲಕನದ್ದು. ಮೂರು ತಿಂಗಳ ಜೈಲು ಅಥವಾ ಐದು ಸಾವಿರ ರೂಪಾಯಿಯವರೆಗೆ ದಂಡವೂ ಅದರಲ್ಲಿದೆ. ಹಾಗಿದ್ದೂ ನಮ್ಮವರು "ನಮ್ಮ ಊರಿನವನದ್ದೇ ರೂಮ್, ಕಾಗದ ಪತ್ರ ಯಾಕೆ" ಎಂದು ಬಾಯಿಮಾತಿನಲ್ಲಿ ಮುಗಿಸುತ್ತಾರೆ. ಡಿಪಾಸಿಟ್ ಹಿಂದೆ ಪಡೆಯುವಾಗ ಊರೂ ಇಲ್ಲ, ನೆಂಟಸ್ತಿಕೆಯೂ ಇಲ್ಲ. ಖರ್ಚಾದರೂ ಎಷ್ಟು? ಹದಿನಾರು ಸಾವಿರದ ಮನೆಗೆ ಹನ್ನೊಂದು ತಿಂಗಳ ಕರಾರಿನ ಮುದ್ರಾಂಕ ಶುಲ್ಕ ಐನೂರು ರೂಪಾಯಿಯೊಳಗೆ, ನಗರ ಪ್ರದೇಶದಲ್ಲಿ ನೋಂದಣಿ ಒಂದು ಸಾವಿರ. ಏಜೆಂಟ್ ಮನೆಗೇ ಯಂತ್ರ ತಂದು ಹೆಬ್ಬೆಟ್ಟು ಒತ್ತಿಸಿಕೊಂಡು ಹೋಗುತ್ತಾನೆ. ಅದೇ ಕಾಗದ ಮುಂದೆ ವಿಳಾಸದ ಪುರಾವೆಗೂ ಪೊಲೀಸ್ ದಾಖಲೆಗೂ ಒದಗುತ್ತದೆ. ಮಾಲಕ ಒಪ್ಪಿದರೆ ಎರಡು ಮೂರು ವರ್ಷಕ್ಕೆ ಕರಾರು ಮಾಡಿಕೊಂಡು, ವರ್ಷಕ್ಕೆ ಎಷ್ಟು ಏರಿಕೆ ಎಂಬುದನ್ನೂ ಮೊದಲೇ ಬರೆಸಿಕೊಳ್ಳಬಹುದು.

ಅವಸರದಲ್ಲಿ ಕೊಳ್ಳುವವನಿಗೆ ಇನ್ನೊಂದು ಗಂಡಾಂತರವಿದೆ. ಹೊಸ ಊರಿನಲ್ಲಿ ಯಾವ ಬಡಾವಣೆಗೆ ಮಳೆಗಾಲದಲ್ಲಿ ನೀರು ನುಗ್ಗುತ್ತದೆ, ಎಲ್ಲಿ ಬೇಸಿಗೆಯಿಡೀ ಟ್ಯಾಂಕರ್, ಯಾವ ಕಟ್ಟಡದ ಕಾಗದ ಸರಿಯಿಲ್ಲ ಎಂಬುದು ಬಂದ ವರ್ಷವೇ ತಿಳಿಯುವುದಿಲ್ಲ. ಇಲ್ಲೇ ನಲವತ್ತು ವರ್ಷದಿಂದ ಇರುವ ನಮಗೇ ತಿಳಿಯಲಿಲ್ಲ! ಕಲ್ಯಾಣ್-ಡೊಂಬಿವಲಿಯಲ್ಲಿ ನಕಲಿ ದಾಖಲೆ ಕೊಟ್ಟು ರೇರಾ ನೋಂದಣಿ ಪಡೆದಿದ್ದ 65 ಕಟ್ಟಡಗಳನ್ನು ಕೆಡವಬೇಕೆಂದು ಬಾಂಬೆ ಹೈಕೋರ್ಟ್ 2024ರ ನವೆಂಬರಿನಲ್ಲಿ ಆದೇಶಿಸಿತು. ನಾಲಾಸೋಪಾರದಲ್ಲಿ 41 ಅಕ್ರಮ ಕಟ್ಟಡಗಳು 2025ರ ಆರಂಭದಲ್ಲಿ ನೆಲಕ್ಕುರುಳಿದವು. ಅಲ್ಲಿ ಮನೆ ಕೊಂಡವರೂ ನಮ್ಮಂತೆಯೇ ಸಾಲ ಮಾಡಿ ಕೊಂಡ ಬಡ ಮಧ್ಯಮ ವರ್ಗದವರು. ರೇರಾ ನಂಬರ್ ಇದೆ ಎಂದ ಮಾತ್ರಕ್ಕೆ ಕಣ್ಣು ಮುಚ್ಚಿ ಸಹಿ ಹಾಕಬೇಡಿ. ಪಾಲಿಕೆಯ ಕಟ್ಟಡ ಪರವಾನಗಿ, ಕಟ್ಟಡ ಮುಗಿದಿದ್ದರೆ ಓಸಿ, ಇವನ್ನು ಪಾಲಿಕೆಯಲ್ಲೇ ಹೋಗಿ ತಾಳೆ ನೋಡಿ, ಇಲ್ಲವೇ ವಕೀಲರಿಂದ ನೋಡಿಸಿ. ವಕೀಲರ ಫೀಸು ನಮ್ಮವರಿಗೆ ಯಾಕೋ ದುಬಾರಿ ಅನಿಸುತ್ತದೆ. ಗೃಹಪ್ರವೇಶದ ಐಸ್‌ಕ್ರೀಮಿಗೆ ಅದಕ್ಕಿಂತ ಹೆಚ್ಚು ಖರ್ಚಾಗಿರುತ್ತದೆ. ಮತ್ತು ಬಿಲ್ಡರ್ ತಡ ಮಾಡಿದರೆ ಸುಮ್ಮನೆ ಕೂರಬೇಕಾಗಿಲ್ಲ. ರೇರಾ ಕಾಯ್ದೆಯ 18ನೇ ಕಲಮಿನ ಪ್ರಕಾರ ಬಡ್ಡಿಸಹಿತ ಹಣ ಹಿಂದೆ ಕೇಳಬಹುದು. ಮನೆಯೇ ಬೇಕೆಂದರೆ ತಡವಾದ ಪ್ರತಿ ತಿಂಗಳಿಗೆ ಬಡ್ಡಿ ಕೇಳಬಹುದು. ನನ್ನ ಅಳಿಯನಿಗೆ ಇದು ಗೊತ್ತಾಗುವಾಗ, ಕೀಲಿಕೈ ಕೊಡುವ ಮುನ್ನ ಬಿಲ್ಡರ್ ಕೊಟ್ಟ ಯಾವುದೋ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಯಾಗಿತ್ತು.

ಹಾಗಾದರೆ ಜೀವನಪೂರ್ತಿ ಬಾಡಿಗೆಯೇ? ಖಂಡಿತ ಅಲ್ಲ. ಬಾಡಿಗೆಯಲ್ಲಿದ್ದು ಉಳಿದ ಹಣವನ್ನು ಹೊಸ ಮೊಬೈಲು, ಕಾರು, ಗೋವಾ ಪ್ರವಾಸ ಎಂದು ಕರಗಿಸುವವನಿಗೆ ನನ್ನ ಬೆಂಬಲವಿಲ್ಲ. ಅಂಥವನಿಗೆ ಕಂತಿನ ಮೂಗುದಾರವೇ ಒಳ್ಳೆಯದು. ನನ್ನ ಒಬ್ಬ ಹಳೆಯ ಗೆಳೆಯ, ಹೋಟೆಲಿನಲ್ಲೇ ದುಡಿದು ಹೋಟೆಲಿನಲ್ಲೇ ಮಲಗಿ ಮೂವತ್ತೈದು ವರ್ಷ ಕಳೆದವನು, ಗಳಿಸಿದ್ದನ್ನೆಲ್ಲ ಊರಿನ ಮನೆಗೆ ಸುರಿದ. ಎರಡು ಮಾಳಿಗೆ, ಕೆಂಪು ಕಲ್ಲಿನ ಆವರಣ ಗೋಡೆ, ಗೇಟಿಗೆ ಸಿಂಹ. ಮಕ್ಕಳು ಮುಂಬಯಿಯಲ್ಲೇ ಓದಿ ಇಲ್ಲೇ ನೌಕರಿ ಹಿಡಿದರು. ಈಗ ಆ ಮನೆಗೆ ಬೀಗ. ಅವನು ಭಾಯಂದರಿನಲ್ಲಿ ಮಗನ ಬಾಡಿಗೆ ಮನೆಯ ಹಾಲಿನಲ್ಲಿ ಮಲಗುತ್ತಾನೆ. ಬೇಡದ ಕಡೆ ಅವಸರದಲ್ಲಿ ಮನೆ ಮಾಡುವುದು ಎಷ್ಟು ತಪ್ಪೋ, ಬೇಕಾದ ಕಡೆ ಮಾಡದಿರುವುದೂ ಅಷ್ಟೇ ತಪ್ಪು.

ನಾನು ಈಗ ಕೇಳಿದವರಿಗೆ ಹೇಳುವುದಿಷ್ಟು. ಹೋದ ಊರಿನಲ್ಲಿ ಮೊದಲ ಮನೆ ಕಚೇರಿಗೆ ಹತ್ತಿರ ಬಾಡಿಗೆಗೆ ಹಿಡಿಯಿರಿ. ಒಂದು ಮಳೆಗಾಲ, ಒಂದು ಬೇಸಿಗೆ ನೋಡಿ. ಮುಂದೆ ಕೊಳ್ಳಬಹುದಾದ ಮನೆಯ ಕಂತು 42 ಸಾವಿರ, ಈಗಿನ ಬಾಡಿಗೆ 17 ಸಾವಿರ ಎಂದಾದರೆ ನಡುವಿನ 25 ಸಾವಿರವನ್ನು ಸಂಬಳ ಬಂದ ದಿನವೇ ರಿಕರಿಂಗ್ ಡಿಪಾಸಿಟ್ಟಿಗೆ ಹಾಕಿ, ಕಂತು ಕಟ್ಟಿದಂತೆಯೇ. ಎರಡು ವರ್ಷ ಅದನ್ನು ತಪ್ಪದೆ ಹಾಕಲು ಸಾಧ್ಯವಾಯಿತೋ, ಕಂತನ್ನೂ ಕಟ್ಟಬಲ್ಲಿರಿ; ಕೈಯಲ್ಲಿ ಆರು ಲಕ್ಷಕ್ಕೂ ಮಿಕ್ಕಿ ಹಣವೂ ಇರುತ್ತದೆ. ಸಾಧ್ಯವಾಗಲಿಲ್ಲವೋ, ಮನೆ ಕೊಂಡಿದ್ದರೆ ಎಲ್ಲಿರುತ್ತಿದ್ದಿರಿ ಎಂದು ಯೋಚಿಸಿ. ಅಷ್ಟಾದ ಮೇಲೂ ಊರು ಹಿಡಿಸಿದರೆ, ಗಂಡ ಹೆಂಡತಿ ಇಬ್ಬರಿಗೂ ಅಲ್ಲಿ ಕೆಲಸವಿದ್ದರೆ, ಮಕ್ಕಳು ಶಾಲೆಗೆ ಸೇರುವ ಹೊತ್ತಾದರೆ ಖಂಡಿತ ಕೊಳ್ಳಿ. ನಿವೃತ್ತಿ ಹತ್ತಿರವಿರುವವರು, ವರ್ಗಾವಣೆಯೇ ಇಲ್ಲದ ಸರಕಾರಿ ನೌಕರಿಯವರು ಎರಡು ವರ್ಷ ಕಾಯುವ ಅಗತ್ಯವೂ ಇಲ್ಲ. ಅವರ ಲೆಕ್ಕ ಬೇರೆ.

ನಮ್ಮ ಸಂಘ ಸಂಸ್ಥೆಗಳ ಪದಾಧಿಕಾರಿಗಳಲ್ಲೂ ಒಂದು ವಿನಂತಿ. ಹಿಂದೆ ಊರಿನಿಂದ ಬಂದ ಹುಡುಗನಿಗೆ ಮಲಗಲು ಜಾಗ, ರಾತ್ರಿ ಶಾಲೆಗೆ ದಾರಿ ತೋರಿಸಿದ್ದು ನಮ್ಮವರೇ. ಈಗ ನಮ್ಮ ಮಕ್ಕಳು ಮುಂಬಯಿಯಿಂದ ಪುಣೆಗೆ, ಹೈದರಾಬಾದಿಗೆ, ಚೆನ್ನೈಗೆ ಹೋಗುತ್ತಿದ್ದಾರೆ. ಅಲ್ಲೆಲ್ಲ ಕನ್ನಡ ಸಂಘಗಳೂ ಇವೆ. ಸನ್ಮಾನ, ಯಕ್ಷಗಾನ, ಅರಸಿನ ಕುಂಕುಮಗಳ ನಡುವೆ ತಿಂಗಳಿಗೊಂದು ಭಾನುವಾರ, ಸಮಾಜದ ಒಬ್ಬ ವಕೀಲರನ್ನೂ ಒಬ್ಬ ಬ್ಯಾಂಕ್ ನಿವೃತ್ತರನ್ನೂ ಕೂರಿಸಿ, ಕರಾರು ಪತ್ರ ಓದಿ ಹೇಳುವ ವ್ಯವಸ್ಥೆ ಮಾಡಲು ಸಭಾಗೃಹವೂ ಬೇಡ, ಹೂಗುಚ್ಛವೂ ಬೇಡ. ಒಂದು ಮೇಜು ಸಾಕು.

ಕಳೆದ ತಿಂಗಳು ನಮ್ಮ ಕಟ್ಟಡದವರೇ ಆದ ಒಬ್ಬರು ಮನೆಗೆ ಬಂದಿದ್ದರು. ಮಗಳಿಗೆ ಪುಣೆಯ ಖರಾಡಿಯಲ್ಲಿ ಕೆಲಸ ಸಿಕ್ಕಿದೆಯಂತೆ, ಇನ್ನೂ ಸೇರಬೇಕಷ್ಟೆ. "ನೀವು ಪುಣೆಯಲ್ಲಿ ಅಳಿಯನಿಗೆ ಕೊಡಿಸಿದವರಲ್ಲವಾ, ಯಾವ ಏರಿಯಾ ಒಳ್ಳೆಯದು ಹೇಳಿ. ನಾನು ಪಿಎಫ್ ತೆಗೆದು ಬುಕಿಂಗ್ ಮಾಡಿಬಿಡುತ್ತೇನೆ" ಎಂದರು. ನಾನು ಇಲ್ಲಿ ಬರೆದದ್ದನ್ನೆಲ್ಲ ಹೇಳಿದೆ. ಕಂತಿನ ಲೆಕ್ಕವನ್ನು ಹಳೆಯ ಕ್ಯಾಲೆಂಡರಿನ ಹಿಂದೆ ಬರೆದು ತೋರಿಸಿದೆ. ಅವರು ತಲೆಯಾಡಿಸುತ್ತಾ ಕೇಳಿದರು, ಚಹಾ ಕುಡಿದರು, ಕಾಗದವನ್ನು ಮೇಜಿನ ಮೇಲೆಯೇ ಬಿಟ್ಟು ಹೋದರು. ಮರುದಿನ ಸಂಜೆ ಅವರ ಮಗಳು ಬಂದು ಬೆಲ್ ಬಾರಿಸಿದಳು. "ಅಂಕಲ್, ಅಪ್ಪನಿಗೆ ನೀವು ಒಂದು ಕಾಗದ ಕೊಟ್ಟಿದ್ದಿರಂತಲ್ಲ, ಅದು ಉಂಟಾ?"